ಎರಡು ರಾಜ್ಯಗಳ ದುಡಿಮೆ, ಒಂದು ಮನೆಯ ಲೆಕ್ಕ

ಬೋನಾಳದ ಕೆರೆಗೆ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಬಿಸಿಲೇರುವ ಮೊದಲು ಹೊರಟುಹೋಗುತ್ತವೆ. ಅವುಗಳಿಗೆ ಎಲ್ಲೆಯಿಲ್ಲ, ಸುಂಕವಿಲ್ಲ. ಆ ಸೀಮೆಯಿಂದ ಹೈದರಾಬಾದಿಗೂ ಪುಣೆಗೂ ಮುಂಬಯಿಗೂ ದುಡಿಯಹೋಗುವ ನಮ್ಮ ಮಕ್ಕಳ ಸ್ಥಿತಿಯು ಹಾಗಲ್ಲ.

ಸುರಪುರವು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ ರಾಜಧಾನಿಗೆ ಹೋದವನು ತನ್ನ ರಾಜ್ಯದೊಳಗೇ ಸಂಚರಿಸಿದಂತಾಗುತ್ತಿದ್ದಿತು. 1956ನೆಯ ನವೆಂಬರ್ 1ರಂದು ಆ ದಾರಿಯ ನಡುವೆ ರಾಜ್ಯದ ಎಲ್ಲೆ ಬಿದ್ದಿತು. ಎಲ್ಲೆಯಿದ್ದಲ್ಲಿ ತೆರಿಗೆಯೂ ಬೇರೆಯಾಗುವುದು ಸಹಜ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷನಿಗೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿರುವನಷ್ಟೆ!

ಮೊದಲು ಒಂದು ಭ್ರಾಂತಿಯನ್ನು ಕಳೆಯೋಣ. ಆದಾಯ ತೆರಿಗೆಯು ಕೇಂದ್ರ ಸರ್ಕಾರದ್ದು. ಎಲ್ಲಿ ದುಡಿದರೂ ವರ್ಷಕ್ಕೆ ಒಂದೇ ವಿವರಣಪತ್ರ. ಅಮೆರಿಕೆಯಲ್ಲಿ ನೆಲೆಸಿದ ಕನ್ನಡಿಗರು ವರ್ಷದ ನಡುವೆ ರಾಜ್ಯವನ್ನು ಬದಲಿಸಿದರೆ ಅನೇಕ ಕಡೆ ಎರಡು ರಾಜ್ಯಗಳಿಗೂ ಲೆಕ್ಕವೊಪ್ಪಿಸಬೇಕು. ನಮಗೆ ಆ ತೊಡಕಿಲ್ಲ. ಆದರೆ ನೌಕರಿಯನ್ನೂ ಬದಲಿಸಿದವನು ಹಿಂದಿನ ಸಂಬಳದ ವಿವರವನ್ನು ಹೊಸ ಧಣಿಗೆ ತಿಳಿಸತಕ್ಕದ್ದು. ತಿಳಿಸದಿದ್ದರೆ ಇಬ್ಬರೂ ಪೂರ್ಣ ವಿನಾಯಿತಿಯನ್ನು ಬೇರೆ ಬೇರೆಯಾಗಿ ಎಣಿಸಿ ಕಡಮೆ ತೆರಿಗೆಯನ್ನು ಹಿಡಿಯುವರು. ಕೊನೆಗೆ ಬಾಕಿಯು ಬಡ್ಡಿಸಹಿತ ಒಮ್ಮೆಲೇ ತಲೆಯ ಮೇಲೆ ಬೀಳುವುದು.

ರಾಜ್ಯಕ್ಕೆ ಸಲ್ಲುವುದು ವೃತ್ತಿ ತೆರಿಗೆ. ಸಂವಿಧಾನದ 276ನೆಯ ವಿಧಿಯು ಇದಕ್ಕೆ ಮೊದಲು ವರ್ಷಕ್ಕೆ 250 ರೂಪಾಯಿಗಳ ಮಿತಿಯನ್ನಿಟ್ಟಿದ್ದಿತು; 1988ರ ತಿದ್ದುಪಡಿಯಿಂದ ಅದು 2,500 ಆಯಿತು. ಆ ಮಿತಿಯೊಳಗೆ ದರಗಳು ರಾಜ್ಯಕ್ಕೊಂದು ವಿಧ. ತಿಂಗಳಿಗೆ 22,000 ರೂಪಾಯಿ ಗಳಿಸುವ ತರುಣನೊಬ್ಬನನ್ನು ನೆನೆಯಿರಿ. ತೆಲಂಗಾಣದಲ್ಲಿ 20,000 ಮೀರಿದ ಸಂಬಳಕ್ಕೆ ಮಾಸಕ್ಕೆ 200 ಕಡಿಯುವರು. ಕರ್ನಾಟಕದಲ್ಲಿ 2023ರ ಏಪ್ರಿಲಿನಿಂದ 25,000ಕ್ಕೆ ಕಡಮೆಯಾದ ಸಂಬಳಕ್ಕೆ ಈ ತೆರಿಗೆಯೇ ಇಲ್ಲ. ಆತನು ಕಲಬುರಗಿಯ ಕೆಲಸಕ್ಕೆ ಬಂದ ಮೇಲೂ ಕಚೇರಿಯು ಹಳೆಯ ದರವನ್ನೇ ಮುಂದುವರಿಸಿದರೆ ವರ್ಷಕ್ಕೆ 2,400 ರೂಪಾಯಿ ನಷ್ಟ. ಧನಿಕನಿಗೆ ಇದು ಅಲ್ಪ; ಬಡ ಮನೆಗೆ ಜೋಳದ ಮಾತು. ಆದುದರಿಂದ ಊರು ಬದಲಾದ ತಿಂಗಳಲ್ಲೇ ತನ್ನ ಹೆಸರು ಯಾವ ರಾಜ್ಯದ ಲೆಕ್ಕದಲ್ಲಿದೆಯೆಂದು ಬರೆವಣಿಗೆಯಲ್ಲಿ ಕೇಳತಕ್ಕದ್ದು. ಮನೆಯಲ್ಲಿದ್ದುಕೊಂಡೇ ಪರರಾಜ್ಯದ ಕಂಪನಿಗೆ ದುಡಿಯುವವರಿಗೆ ಈ ಪ್ರಶ್ನೆಯು ಇನ್ನೂ ಅವಶ್ಯಕ. ಕೊಟ್ಟ ವೃತ್ತಿ ತೆರಿಗೆಯನ್ನು ಆದಾಯದಿಂದ ಕಳೆಯುವ ಸೌಲಭ್ಯವು ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಮಾತ್ರ ಉಂಟು, ಹೊಸದರಲ್ಲಿಲ್ಲ.

ಮನೆಯವರು ಮರೆಯುವ ಇನ್ನೊಂದು ಸಂಗತಿ ಬೈಕು. ಹೈದರಾಬಾದಿನಲ್ಲಿ ಕೊಂಡ ಬೈಕನ್ನು ಊರಿಗೆ ತಂದು ಹನ್ನೆರಡು ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ, 1988ರ ಮೋಟಾರು ವಾಹನ ಕಾಯಿದೆಯಂತೆ ಇಲ್ಲಿಯ ಸಂಖ್ಯೆಯನ್ನು ಪಡೆಯಬೇಕು. ಅದಕ್ಕೆ ಮೊದಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಈ ರಾಜ್ಯದ ತೆರಿಗೆಯನ್ನು ಗಾಡಿಯ ವಯಸ್ಸಿಗೆ ತಕ್ಕಂತೆ ಕಟ್ಟಿ, ಅಲ್ಲಿ ಕಟ್ಟಿದುದರ ಉಳಿದ ಪಾಲನ್ನು ಹಿಂದಕ್ಕೆ ಕೇಳಬಹುದು. ಕೇಳದವನಿಗೆ ಯಾರೂ ತಾವಾಗಿ ಮರಳಿಸರು.

ಗೃಹಿಣಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಮಗನಾಗಲಿ ಮಗಳಾಗಲಿ ಪರಸ್ಥಳದಿಂದ ಬಂದಾಗ ಸಂಬಳದ ಚೀಟಿ, ತೆರಿಗೆ ಹಿಡಿದ ಪ್ರಮಾಣಪತ್ರ, ಬಾಡಿಗೆಯ ಕರಾರು, ಗಾಡಿಯ ಕಾಗದ, ಇವನ್ನು ಒಂದು ಕಡತದಲ್ಲಿ ಕಟ್ಟಿಡಿರಿ. ಸಲ್ಲಬೇಕಾದುದನ್ನು ಸಲ್ಲಿಸುವುದು ಪ್ರಜಾಧರ್ಮ. ಸಲ್ಲಬಾರದುದನ್ನು ಅಜ್ಞಾನದಿಂದ ಕಳೆದುಕೊಳ್ಳುವುದು ಯಾವ ಧರ್ಮವೂ ಅಲ್ಲ.