ಗೃಹಸ್ಥರ ವಿಚಾರ: ಕಾರ್ವೆಟ್ ಮೋಟಾರೂ ಕಳ್ಳರ ಕಸುಬೂ

ಕಳೆದ ತಿಂಗಳು ನಮ್ಮ ಕೈಸೇರಿದ ಕಾಗದಗಳಲ್ಲಿ ಒಂದು ಉಳಿದವುಗಳಂತೆ ಇರಲಿಲ್ಲ. ಬರೆದವರು ಧಾರವಾಡದ ಕಡೆಯ ಹಿರಿಯ ಗೃಹಸ್ಥರು. ಅವರ ಮಗನು ಅಮೆರಿಕಾದ ಟೆಕ್ಸಾಸ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವನು. ಹಲವು ವರ್ಷಗಳ ಉಳಿತಾಯವನ್ನು ಸುರಿದು, 1989ನೆಯ ಇಸವಿಯಲ್ಲಿ ತಯಾರಾದ ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರನ್ನು ಕೊಂಡಿರುವನಂತೆ. ಕೊಂಡ ಮೂರನೆಯ ವಾರದಲ್ಲಿಯೇ ಅದೇ ಬೀದಿಯ ಇನ್ನೊಬ್ಬರ ಗಾಡಿಯಿಂದ ಚಾವಣಿಯ ಹಲಗೆಯನ್ನೂ ನಾಲ್ಕು ಚಕ್ರಗಳನ್ನೂ ಯಾರೋ ರಾತ್ರೋರಾತ್ರಿ ಬಿಚ್ಚಿಕೊಂಡು ಹೋದರಂತೆ. “ಮಾರಿಬಿಡು ಎಂದು ನಾನು ಹೇಳುತ್ತೇನೆ, ಅವನು ಕೇಳುವುದಿಲ್ಲ. ಕಾಪಾಡಿಕೊಳ್ಳುವ ಬಗೆಯನ್ನಾದರೂ ತಾವು ತಿಳಿಸಬೇಕು” ಎಂದು ಅವರು ಬರೆದಿರುವರು.

ಈ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕಲಿಲ್ಲ. ಅಂಥ ಗಾಡಿಯು ಸಂಸಾರಕ್ಕೆ ಅವಶ್ಯವೇ ಎಂದು ಕೇಳುವವರು ಇದ್ದೇ ಇರುವರು. ಅವಶ್ಯವಲ್ಲ, ಆದರೆ ನ್ಯಾಯವಾಗಿ ದುಡಿದ ಹಣದಿಂದ ಕೊಂಡ ವಸ್ತುವು, ವೀಣೆಯಾಗಲಿ ಮೋಟಾರಾಗಲಿ, ಕಳ್ಳನ ಪಾಲಾಗತಕ್ಕದ್ದಲ್ಲ. ಇದಲ್ಲದೆ ಈ ಒಂದು ಗಾಡಿಯ ವಿಷಯದಲ್ಲಿ ಕಳ್ಳರಿಗೂ ಕಾರ್ಖಾನೆಯವರಿಗೂ ನಡೆದ ಪೈಪೋಟಿಯು ಬಹು ಸ್ವಾರಸ್ಯವಾದುದು. ಅದನ್ನು ಅರಿತರೆ ಮಗನು ಮಾಡಬೇಕಾದುದೇನೆಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುವುದು.

ಜನರಲ್ ಮೋಟಾರ್ಸ್ ಕಂಪೆನಿಯ ಷೆವರ್ಲೆ ಶಾಖೆಯವರು 1953ರಲ್ಲಿ ಮಿಷಿಗನ್ ಸಂಸ್ಥಾನದ ಫ್ಲಿಂಟ್ ಪಟ್ಟಣದಲ್ಲಿ ಕಾರ್ವೆಟ್ಟನ್ನು ಮೊದಲು ತಯಾರಿಸಿದರು. ಆ ವರ್ಷ ಹೊರಬಂದ ಗಾಡಿಗಳು 300 ಮಾತ್ರ. 1981ರಿಂದ ಅದರ ಕಾರ್ಖಾನೆಯು ಕೆಂಟಕಿ ಸಂಸ್ಥಾನದ ಬೌಲಿಂಗ್ ಗ್ರೀನ್ ಎಂಬ ಊರಿನಲ್ಲಿರುವುದು. ಮಿಕ್ಕ ಮೋಟಾರುಗಳಂತೆ ಇದರ ಮೈ ಉಕ್ಕಿನ ತಗಡಿನದಲ್ಲ. ಗಾಜಿನ ಎಳೆಗಳನ್ನು ರಾಳದಲ್ಲಿ ಕೂಡಿಸಿ ಮಾಡಿದ ಫೈಬರ್‌ಗ್ಲಾಸಿನದು. ತಗಡು ನೆಗ್ಗಿದರೆ ಬಡಿದು ನೇರಮಾಡಬಹುದು. ಇದು ಒಡೆದರೆ ಅನೇಕ ವೇಳೆ ಬೇರೆ ತುಂಡನ್ನೇ ತಂದು ಕೂರಿಸಬೇಕಾಗುವುದು. ಹೊಸ ತುಂಡಿಗೆ ಬೆಲೆ ಹೆಚ್ಚು, ಹಳೆಯದಕ್ಕೆ ಕಡಿಮೆ. ಹಳೆಯದು ಎಲ್ಲಿಂದ ಬಂತೆಂದು ಕೇಳುವ ಗಿರಾಕಿಗಳು ಇನ್ನೂ ಕಡಿಮೆ. ಕಳ್ಳತನದ ಬೇರು ಇರುವುದು ಇಲ್ಲಿ. ಇಡೀ ಗಾಡಿಯನ್ನು ಕದ್ದವನಿಗೆ ಅದನ್ನು ಬಚ್ಚಿಡುವುದು ಕಷ್ಟ; ನೂರು ಜನರ ಕಣ್ಣಿಗೆ ಬೀಳುವ ರೂಪ ಅದರದು. ಅದನ್ನೇ ಬಿಚ್ಚಿ ಬಾಗಿಲು, ಆಸನ, ಚಕ್ರ, ಎಂಜಿನ್ನು ಎಂದು ಬೇರೆ ಬೇರೆಯಾಗಿ ಮಾರಿದರೆ ಹೆಚ್ಚು ಹಣ, ಕಡಿಮೆ ಭಯ.

1968ರಿಂದ 1982ರವರೆಗಿನ ಗಾಡಿಗಳ ಚಾವಣಿಯಲ್ಲಿ ಕಳಚಿ ತೆಗೆಯಬಹುದಾದ ಎರಡು ಹಲಗೆಗಳಿದ್ದುವು. ಬಿಸಿಲು ಗಾಳಿಗಳ ಸುಖಕ್ಕೆಂದು ಮಾಡಿದ ಈ ಏರ್ಪಾಡು ಕಳ್ಳರಿಗೂ ಸುಖವಾಯಿತು. ಕೂಗುವ ಗಂಟೆಯನ್ನು, ಎಂದರೆ ಅಲಾರಮ್ಮನ್ನು, 1968ರಲ್ಲಿ ಬೇಕೆಂದವರಿಗೆ ಮಾತ್ರ ಹೆಚ್ಚಿನ ಹಣಕ್ಕೆ ಕೂಡಿಸಿಕೊಡುತ್ತಿದ್ದರು. 1972ರಿಂದ ಎಲ್ಲ ಕಾರ್ವೆಟ್ಟುಗಳಿಗೂ ಅದು ಬಂದಿತು. ಚಾವಣಿಯ ಹಲಗೆಗಳನ್ನು ಆ ಗಂಟೆಯ ತಂತಿಗೆ ಸೇರಿಸಿದುದು 1978ರಲ್ಲಿ. ಕೊಟ್ಟಿಗೆಗೆ ಬಾಗಿಲಿಟ್ಟು ಆರು ವರ್ಷಗಳ ಮೇಲೆ ಮಾಡಿಗೆ ಹೆಂಚು ಹೊದಿಸಿದ ಹಾಗಾಯಿತು.

ನಿಜವಾದ ಜಾಣತನ ಕಂಡುಬಂದುದು 1986ರ ಮಾದರಿಯಲ್ಲಿ. ಬೀಗದ ಕೈಯ ಅಲಗಿನಲ್ಲಿ ಕರಿಯ ಗುಳಿಗೆಯಂಥ ಒಂದು ಸಣ್ಣ ತುಣುಕನ್ನು ಕೂರಿಸಿದರು. ವಿದ್ಯುತ್ತಿನ ಹರಿವಿಗೆ ಆ ತುಣುಕು ಒಂದು ಗೊತ್ತಾದ ಪ್ರಮಾಣದ ತಡೆಯನ್ನು ಒಡ್ಡುವುದು. ಇಂಥ ಪ್ರಮಾಣಗಳು ಒಟ್ಟು 15. ಒಂದೊಂದು ಗಾಡಿಗೆ ಒಂದೊಂದು. ಬೀಗದ ಕೈಯನ್ನು ತಿರುಗಿಸಿದಾಗ ಗಾಡಿಯೊಳಗಿನ ಯಂತ್ರವು ಈ ತಡೆಯನ್ನು ಅಳೆದು, ಸರಿಯಾಗಿದ್ದರೆ ಮಾತ್ರ ಎಂಜಿನ್ನು ಹೊರಡಲು ಬಿಡುವುದು. ತಪ್ಪಾಗಿದ್ದರೆ ಕೆಲವು ನಿಮಿಷಗಳವರೆಗೆ ಸರಿಯಾದ ಕೈಯನ್ನಿಟ್ಟರೂ ಅಲುಗುವುದಿಲ್ಲ. ಹದಿನೈದು ಬಗೆಯ ಕೈಗಳನ್ನೂ ಜೇಬಿನಲ್ಲಿಟ್ಟುಕೊಂಡು ಬಂದ ಕಳ್ಳನು ಕೂಡ ಪ್ರತಿಯೊಂದು ತಪ್ಪಿಗೂ ಕಾದು ಕುಳಿತಿರಬೇಕು. ಕದಿಯುವವನಿಗೆ ಎಲ್ಲಕ್ಕಿಂತ ಬೆಲೆಯುಳ್ಳ ವಸ್ತು ಸಮಯವೆಂಬುದನ್ನು ಈ ಸಾಧನವನ್ನು ಮಾಡಿದವರು ಚೆನ್ನಾಗಿ ಅರಿತಿದ್ದರು. ಕಾರ್ವೆಟ್ಟಿನ ಕಳ್ಳತನ ಅದರಿಂದ ತಗ್ಗಿದುದನ್ನು ಕಂಡು, ಕೆಲವೇ ವರ್ಷಗಳಲ್ಲಿ ಕಮೆರೊ, ಫೈರ್‌ಬರ್ಡ್ ಎಂಬ ತಮ್ಮ ಇತರ ಗಾಡಿಗಳಿಗೂ ಕಂಪೆನಿಯವರು ಇದನ್ನೇ ಕೊಟ್ಟರು.

ಪತ್ರ ಬರೆದ ಮಹನೀಯರ ಮಗನ ಗಾಡಿಯಲ್ಲಿಯೂ ಈ ಸಾಧನವು ಇದ್ದಿರಲೇಬೇಕು. ಈಗಲೂ ಇದೆಯೇ ಎಂಬುದು ಬೇರೆ ಪ್ರಶ್ನೆ. ವರ್ಷಗಳು ಕಳೆದಂತೆ ಬೀಗದೊಳಗಿನ ಎಳೆತಂತಿಗಳು ಸವೆದು ತುಂಡಾಗುವುವು. ಯಜಮಾನನ ಸ್ವಂತ ಕೈಯನ್ನೇ ಗಾಡಿ ಒಪ್ಪದಂತಾಗುವುದು. ಆಗ ಬೇಸತ್ತ ಯಜಮಾನರು, ಸರಿಯಾದ ಪ್ರಮಾಣದ ತಡೆಯೊಂದನ್ನು ಒಳಗೇ ಶಾಶ್ವತವಾಗಿ ಜೋಡಿಸಿ ಇಡೀ ಕಾವಲನ್ನು ಕುರುಡುಮಾಡಿಬಿಡುವುದುಂಟು. ಕೆಲವೇ ಕಾಸಿನ ಕೆಲಸ ಅದು. ಗಾಡಿಯು ಸಲೀಸಾಗಿ ಹೊರಡುವುದರಿಂದ ಮುಂದೆ ಕೊಂಡವರಿಗೆ ಇದರ ಸುಳಿವೇ ಇರುವುದಿಲ್ಲ. ಆದುದರಿಂದ ಮಗನು ಮೊದಲು ಮಾಡತಕ್ಕ ಕೆಲಸವಿದು: ಗುಳಿಗೆಯಿಲ್ಲದ, ಹಲ್ಲು ಮಾತ್ರ ಸರಿಹೊಂದುವ ಒಂದು ಕೈಯನ್ನು ಮಾಡಿಸಿ ತಿರುಗಿಸಿ ನೋಡಲಿ. ಎಂಜಿನ್ನು ಹೊರಟರೆ ಕಾವಲುಗಾರನು ಎಂದೋ ಸತ್ತಿರುವನೆಂದು ತಿಳಿಯತಕ್ಕದ್ದು. ಬೀಗದ ಆ ಭಾಗವನ್ನು ಬದಲಾಯಿಸಿ ಸಾಧನವನ್ನು ಮತ್ತೆ ಜೀವಂತಗೊಳಿಸುವುದು ದುಬಾರಿಯಾದರೂ ಯೋಗ್ಯವಾದ ವೆಚ್ಚವೆಂದು ನಮ್ಮ ಅಭಿಪ್ರಾಯ. ಅದಾಗದಿದ್ದರೆ ಪೆಟ್ರೋಲನ್ನು ಮೇಲೆತ್ತುವ ಪಂಪಿನ ತಂತಿಗೆ, ತನಗೆ ಮಾತ್ರ ಗೊತ್ತಿರುವ ಜಾಗದಲ್ಲಿ, ಒಂದು ಸ್ವಿಚ್ಚನ್ನು ಹಾಕಿಸಲಿ.

ಗಾಡಿ ಹೊರಡದಂತೆ ತಡೆದರೆ ಅದು ಓಡಿಹೋಗುವುದು ತಪ್ಪಿತು. ನಿಂತಲ್ಲಿಯೇ ಬಿಚ್ಚುವುದು ತಪ್ಪಲಿಲ್ಲ. ಇದಕ್ಕೆ ಅಮೆರಿಕಾದ ಸರ್ಕಾರದವರು 1984ರಲ್ಲಿ ಒಂದು ಕಾನೂನನ್ನು ಮಾಡಿದರು. ಹೆಚ್ಚಾಗಿ ಕಳುವಾಗುವ ಮಾದರಿಗಳ ಎಂಜಿನ್ನು, ಗೇರುಪೆಟ್ಟಿಗೆ, ಬಾಗಿಲು, ಬಾನೆಟ್ಟು ಮೊದಲಾದ ಮುಖ್ಯ ಭಾಗಗಳ ಮೇಲೆ ಗಾಡಿಯ ಗುರುತಿನ ಸಂಖ್ಯೆಯನ್ನು ನಮೂದಿಸತಕ್ಕದ್ದೆಂದು ಅದರ ವಿಧಿ. ಆದರೆ ಕಳ್ಳರನ್ನು ತಡೆಯುವ ಒಳ್ಳೆಯ ಸಾಧನವನ್ನು ಕಾರ್ಖಾನೆಯಲ್ಲಿಯೇ ಕೂಡಿಸಿದ ಮಾದರಿಗಳಿಗೆ ವಿನಾಯಿತಿ ಕೇಳುವ ಅವಕಾಶವಿತ್ತು. ಕಾರ್ವೆಟ್ಟು ಆ ವಿನಾಯಿತಿಯನ್ನು ಪಡೆದ ಗಾಡಿಗಳಲ್ಲಿ ಒಂದು. ಕೈಯಲ್ಲಿ ಗುಳಿಗೆಯಿದೆಯೆಂದು ಬಾಗಿಲಿಗೆ ಗುರುತು ಬೇಡವೆಂದ ಹಾಗಾಯಿತು. ಈ ತರ್ಕವು ನಮಗೆ ಒಪ್ಪಿಗೆಯಾಗುವುದಿಲ್ಲ. ಗುಳಿಗೆಯು ಕಾಯುವುದು ಇಡಿಯನ್ನು. ಬಿಡಿಯನ್ನು ಕಾಯುವುದು ಗುರುತು.

ನಮ್ಮ ಮನೆಗಳಲ್ಲಿ ಇದು ಹೊಸ ವಿದ್ಯೆಯೇನೂ ಅಲ್ಲ. ಮದುವೆಗೆ ಕೊಟ್ಟ ಕೊಳಗವಾಗಲಿ ತಂಬಿಗೆಯಾಗಲಿ ಕಂಠದ ಮೇಲೆ ಹೆಸರು, ಊರು, ಇಸವಿಗಳನ್ನು ಕೊರೆಸದೆ ಯಾವ ಹಿರಿಯರೂ ಕೊಡುತ್ತಿರಲಿಲ್ಲ. ನಾಲ್ಕು ಮನೆಯ ಪಾತ್ರೆಗಳು ಸೇರುವ ಸಮಾರಂಭದಲ್ಲಿ ತಂಬಿಗೆಯು ತನ್ನ ಮನೆಯನ್ನು ತಾನೇ ಹೇಳುತ್ತಿತ್ತು. ಕದ್ದವನು ಮಾರಲು ಹೋದರೆ ಕಂಚುಗಾರನ ಮುಂದೆಯೂ ಅದೇ ಮಾತನ್ನು ಹೇಳುತ್ತಿತ್ತು. ಮಗನು ಮಾಡಬೇಕಾದುದು ಇದೇ. ಕೊರೆಯುವ ಸಣ್ಣ ವಿದ್ಯುತ್ ಲೇಖನಿಯನ್ನು ತಂದು ಚಾವಣಿಯ ಹಲಗೆಯ ಅಂಚು, ಚಕ್ರಗಳ ಒಳಮೈ, ಆಸನಗಳ ಅಡಿಯ ಚೌಕಟ್ಟು, ದೀಪಗಳ ಹಿಂಭಾಗ ಇವುಗಳ ಮೇಲೆ ಗಾಡಿಯ 17 ಅಕ್ಷರಾಂಕಗಳ ಗುರುತಿನ ಸಂಖ್ಯೆಯನ್ನು ಬರೆಯಲಿ. ಒಂದನ್ನು ಕಣ್ಣಿಗೆ ಕಾಣುವಂತೆಯೂ ಇನ್ನೊಂದನ್ನು ಬಿಚ್ಚಿದಲ್ಲದೆ ಕಾಣದಂತೆಯೂ ಬರೆಯುವುದು ಮೇಲು. ಎಲ್ಲಕ್ಕೂ ಛಾಯಾಚಿತ್ರ ತೆಗೆದು ಮನೆಯಲ್ಲಿಡಲಿ, ಗಾಡಿಯ ಪೆಟ್ಟಿಗೆಯಲ್ಲಿ ಬೇಡ. ಇಂಥ ಗಾಡಿಗಳು ಭಾನುವಾರದ ಮೇಳಗಳಿಗೆ ಹೋಗುವುದುಂಟು. ಅಲ್ಲಿ ಗುರುತನ್ನು ಕಂಡು ಹುಬ್ಬೇರಿಸುವವರಿದ್ದರೆ ಹುಬ್ಬೇರಿಸಲಿ.

ಒಂದು ಸಂಖ್ಯೆಯ ಆಯುಸ್ಸು ಎಷ್ಟೆಂಬುದಕ್ಕೆ ಒಂದು ನಿಜಸಂಗತಿಯುಂಟು. 1969ರ ಜನವರಿಯಲ್ಲಿ ನ್ಯೂಯಾರ್ಕಿನ ಒಬ್ಬ ತರುಣನ 1968ರ ಮಾದರಿಯ ನೀಲಿ ಕಾರ್ವೆಟ್ಟು ಕಳುವಾಯಿತು. ಆತ ಅದನ್ನು ಕೊಂಡು ಕೆಲವು ತಿಂಗಳುಗಳು ಮಾತ್ರ ಆಗಿದ್ದುವು. ಬಣ್ಣ ಬದಲಾಯಿತು, ಕೈಗಳು ಬದಲಾದುವು. 2005ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಿಂದ ಸ್ವೀಡನ್ ದೇಶಕ್ಕೆ ಹಡಗಿನಲ್ಲಿ ಹೊರಟಿದ್ದ ಒಂದು ಗಾಡಿಯ ಸಂಖ್ಯೆಯನ್ನು ಸುಂಕದವರು ಪರೀಕ್ಷಿಸಿದಾಗ ಅದು ಕದ್ದ ಮಾಲೆಂದು ತಿಳಿಯಿತು. ನ್ಯೂಯಾರ್ಕಿನ ಪೊಲೀಸರು ದಶಕಗಳ ಹಿಂದಿನ ಕಡತಗಳನ್ನು ತಿರುವಿಹಾಕಿ ಯಜಮಾನನನ್ನು ಹುಡುಕಿ ತೆಗೆದರು. 2006ರಲ್ಲಿ ಗಾಡಿಯು 37 ವರ್ಷಗಳ ವನವಾಸವನ್ನು ಮುಗಿಸಿ ಮರಳಿತು. ಪಾಂಡವರದು ಹದಿಮೂರೇ ವರ್ಷ!

ಇನ್ನು ಚಿಲ್ಲರೆ ವಿಷಯಗಳು. ಚಕ್ರಗಳಿಗೆ, ಪ್ರತಿಯೊಂದಕ್ಕೂ ಒಂದರಂತೆ, ವಿಶೇಷ ಕೈಯಿಂದಲೇ ಬಿಚ್ಚಬೇಕಾದ ಬೀಗದ ನಟ್ಟುಗಳು ಸಿಕ್ಕುವುವು. ಆ ಕೈಯನ್ನು ಗಾಡಿಯಲ್ಲಿಯೇ ಬಿಟ್ಟುಹೋಗುವವರನ್ನು ಕುರಿತು ನಾವು ಏನೂ ಹೇಳೆವು. ಸ್ಟೀರಿಂಗಿಗೆ ಅಡ್ಡಹಾಕುವ ಉಕ್ಕಿನ ಸಲಾಕೆಯನ್ನು ಅನುಭವಸ್ಥನಾದ ಕಳ್ಳನು ಗೆಲ್ಲಬಲ್ಲನು, ಏಕೆಂದರೆ ಆತ ಸಲಾಕೆಯನ್ನು ಬಿಟ್ಟು ಸ್ಟೀರಿಂಗ್ ಚಕ್ರವನ್ನೇ ಕೊಯ್ಯುವನು. ಆದರೂ ದೂರದಿಂದ ಕಾಣುವ ವಸ್ತುವಾದುದರಿಂದ ಹವ್ಯಾಸಿಗಳನ್ನು ಅದು ಪಕ್ಕದ ಬೀದಿಗೆ ಕಳುಹಿಸುವುದು. ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಗಾಡಿಯ ಅಡಿಯಲ್ಲಿರುವುದು. ಅದರಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ಅಂಶವುಂಟು. 2021ರಲ್ಲಿ ರೋಡಿಯಂ ಒಂದು ಔನ್ಸಿಗೆ 20,000 ಡಾಲರುಗಳನ್ನು ಮೀರಿದಾಗ ಆ ದೇಶದಲ್ಲೆಲ್ಲ ಈ ಕಳ್ಳತನವು ಪಿಡುಗಾಗಿ ಹಬ್ಬಿತು. ನೆಲಕ್ಕೆ ತಗ್ಗಾಗಿರುವ ಕಾರ್ವೆಟ್ಟಿನ ಕೆಳಗೆ ಜಾಕು ಹಾಕದೆ ನುಸುಳುವುದು ಕಷ್ಟ. ಅಷ್ಟುಮಟ್ಟಿಗೆ ಇದು ಪುಣ್ಯಶಾಲಿ.

ಹೊಸ ಗಾಡಿಗಳ ಕಥೆ ಬೇರೆ. ಅವುಗಳಿಗೆ ತಿರುಗಿಸುವ ಕೈಯೇ ಇಲ್ಲ. ಜೇಬಿನಲ್ಲಿರುವ ಸಾಧನವು ರೇಡಿಯೋ ಅಲೆಯಿಂದ ಮಾತನಾಡುವುದು. ಇಬ್ಬರು ಕಳ್ಳರು, ಒಬ್ಬನು ಮನೆಯ ಬಾಗಿಲ ಬಳಿ, ಇನ್ನೊಬ್ಬನು ಗಾಡಿಯ ಬಳಿ ನಿಂತು, ಆ ಅಲೆಗಳನ್ನು ಯಂತ್ರದಿಂದ ಹಿಗ್ಗಿಸಿ ದಾಟಿಸಿದರೆ ಕೈ ಹತ್ತಿರದಲ್ಲಿದೆಯೆಂದು ಗಾಡಿಯು ಮೋಸಹೋಗುವುದು. ಲೋಹದ ಪದರವುಳ್ಳ ಚೀಲದಲ್ಲಿ ಆ ಸಾಧನವನ್ನಿಟ್ಟರೆ ಸಾಕು. 1989ರ ಗಾಡಿಗೆ ಈ ಚಿಂತೆಯಿಲ್ಲ.

ಮಾರಬೇಕೇ ಎಂಬ ಮೂಲ ಪ್ರಶ್ನೆಗೆ ಬರುವುದಾದರೆ, ಮಗನಿಗೆ ಬಾಗಿಲು ಹಾಕುವ ಶೆಡ್ಡಿದ್ದರೆ ಬೇಡ. ಬಯಲು ಬೀದಿಯಲ್ಲಿ ನಿಲ್ಲಿಸುವ ಹಾಗಿದ್ದರೆ ಶೆಡ್ಡುಳ್ಳ ಮನೆ ಸಿಕ್ಕುವವರೆಗೆ ಬಾಡಿಗೆಯ ಜಾಗವೊಂದನ್ನು ಹುಡುಕಲಿ, ಅದೂ ಆಗದಿದ್ದರೆ ತಂದೆಯವರ ಮಾತೇ ಸರಿ. ವಿಮೆಯಲ್ಲಿಯೂ ಒಂದು ಸೂಕ್ಷ್ಮವುಂಟು. ಸಾಧಾರಣ ವಿಮೆಯವರು ಕಳುವಾದ ದಿನದ ಬೆಲೆಯನ್ನು ತಾವೇ ಕಟ್ಟಿ ಸವಕಳಿ ಕಳೆದು ಕೊಡುವರು. ಹಳೆಯ ಅಪರೂಪದ ಗಾಡಿಗಳಿಗೆಂದೇ, ಬೆಲೆಯನ್ನು ಮೊದಲೇ ಇಬ್ಬರೂ ಒಪ್ಪಿ ಬರೆದುಕೊಳ್ಳುವ ವಿಮೆಯು ಅಲ್ಲಿ ದೊರೆಯುವುದು. ಮಗನು ಅದನ್ನು ವಿಚಾರಿಸಲಿ. ಹೊಸದಾಗಿ ಕೂಡಿಸಿದ ಚಕ್ರ, ಆಸನಗಳಿದ್ದರೆ ರಸೀತಿಯೊಡನೆ ಪಟ್ಟಿಯಲ್ಲಿ ಸೇರಿಸಲಿ.

ಕಡೆಯ ಮಾತು ಮಗನಿಗಿಂತ ತಾಯಿತಂದೆಗಳಿಗೆ ಹೆಚ್ಚು ಮುಖ್ಯವಾದುದು. ಗಾಡಿ ಎಲ್ಲಿದೆಯೆಂದು ದೂರದಿಂದಲೇ ತೋರಿಸುವ ಸಣ್ಣ ಯಂತ್ರಗಳನ್ನು ಈಗ ಅದರೊಳಗೆ ಅಡಗಿಸಿಡುವುದುಂಟು; ಇಡುವುದು ಒಳ್ಳೆಯದೇ. ಆದರೆ ಅದು ತೋರಿಸಿದ ಜಾಗಕ್ಕೆ ತಾನೇ ಹೋಗಕೂಡದು. ನಡುರಾತ್ರಿ ಗಂಟೆ ಕೂಗಿದರೆ ಹೊರಗೆ ಓಡಲೂ ಕೂಡದು. ಆ ಸಂಸ್ಥಾನದಲ್ಲಿ ಕಳ್ಳನ ಸೊಂಟದಲ್ಲಿ ಬಂದೂಕಿರುವುದು ಅಪರೂಪವೇನಲ್ಲ. ಮನೆಯ ದೀಪಗಳನ್ನೆಲ್ಲ ಹಾಕಿ, ಬಾಗಿಲಿನ ಚಿಲಕವನ್ನು ನೋಡಿಕೊಂಡು, 911 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿ, ಪೊಲೀಸರು ಬರುವವರೆಗೆ ಒಳಗೆಯೇ ಇರುವೆನೆಂದು ಮಗನಿಂದ ಮಾತು ತೆಗೆದುಕೊಳ್ಳುವುದು ಒಳ್ಳೆಯದು.