ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಕೇಳಿ

ಹಗುರವಾಗಿರಬೇಕು, ವೇಗವಾಗಿರಬೇಕು, ಬೆಲೆಯೂ ಕಡಿಮೆಯಿರಬೇಕು! ಎಂಜಿನಿಯರಿಂಗ್ ಸೇರುವ ಮಕ್ಕಳ ಈ ಪಟ್ಟಿಗೆ ಪೂರ್ತಿ ಹೊಂದುವ ಲ್ಯಾಪ್‌ಟಾಪ್ ಇನ್ನೂ ಹುಟ್ಟಿಲ್ಲ.

ಬಳಸುತ್ತಿರುವವರನ್ನೇ ಕೇಳಿ ನೋಡಿ. ‘ಗೇಮಿಂಗ್’ ಲ್ಯಾಪ್‌ಟಾಪ್ ಉಳ್ಳವರು ವೇಗವನ್ನು ಹೊಗಳುತ್ತಾರೆ, ಸುಮಾರು 2.5 ಕಿಲೋ ತೂಕ, ಇಟ್ಟಿಗೆಯಂಥ ಚಾರ್ಜರ್, ಫ್ಯಾನಿನ ಗದ್ದಲ ನೆನೆದು ನಿಟ್ಟುಸಿರಿಡುತ್ತಾರೆ. 2020ರಲ್ಲಿ ಬಂದ ಎಂ1 ಮ್ಯಾಕ್‌ಬುಕ್ ಏರ್ 1.29 ಕಿಲೋ ಮಾತ್ರ. ಫ್ಯಾನೂ ಇಲ್ಲ, ಸದ್ದೂ ಇಲ್ಲ. ಆದರೆ ಅದರ ರ‍್ಯಾಮ್, ಅಂದರೆ ಸ್ಮರಣಕೋಶ, ಚಿಪ್‌ನೊಂದಿಗೇ ಬೆಸೆದುಕೊಂಡಿದೆ. 8 ಜಿಬಿ ಕೊಂಡವರು ಕೊನೆತನಕ ಅಷ್ಟರಲ್ಲೇ ಸಂಸಾರ ತೂಗಿಸಬೇಕು. ಮೆಕ್ಯಾನಿಕಲ್ ವಿದ್ಯಾರ್ಥಿಗಳು ಬಳಸುವ ಸಾಲಿಡ್‌ವರ್ಕ್ಸ್ ತಂತ್ರಾಂಶಕ್ಕೆ ವಿಂಡೋಸ್ಸೇ ಬೇಕು.

ವಿಂಡೋಸ್‌ನ ತೆಳು ಮಾದರಿಗಳಲ್ಲೂ ಅನೇಕವುಗಳ ರ‍್ಯಾಮ್ ಬೆಸುಗೆ ಹಾಕಿದ್ದೇ. ತುಸು ದಪ್ಪನೆಯದರಲ್ಲಿ ಖಾಲಿ ಸ್ಲಾಟ್ ಇದ್ದರೆ ಈಗ 8 ಜಿಬಿ ಕೊಂಡು, ಮೂರನೇ ವರ್ಷದಲ್ಲಿ ಅಗತ್ಯ ಬಿದ್ದರೆ ಇನ್ನೊಂದು 8 ಸೇರಿಸಬಹುದು.

ಪಾಲಕರೇ, ಕಾಲೇಜಿನಲ್ಲಿ ಯಾವ ತಂತ್ರಾಂಶ ಬಳಸುತ್ತಾರೆಂದು ಮೊದಲು ವಿಚಾರಿಸಿ. ಅಂಗಡಿಯಲ್ಲಿ ಎರಡೇ ಪ್ರಶ್ನೆ ಹಾಕಿ: ರ‍್ಯಾಮ್ ಹೆಚ್ಚಿಸಲು ಬರುತ್ತದೆಯೇ? ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ? ಬ್ಯಾಟರಿ ಸವೆಯುವ ವಸ್ತು. ಕೋರ್ಸು ಮುಗಿಯುವುದರೊಳಗೆ ಸೋತೀತು. ಉತ್ತರ ಸಮಾಧಾನ ತಂದರೆ ಮಾತ್ರ ಹಣ ಎಣಿಸಿ. ಹೊಳಪು ವರ್ಷದಲ್ಲಿ ಮಾಸುತ್ತದೆ, ಓದು ನಾಲ್ಕು ವರ್ಷದ್ದು.