ಪ್ರೊಫೆಷನಲ್ ಆದರೆ ಪರದೇಶಿಯೇ?

ನಿಶಾಂತ್ ದೇವ್ ಪ್ರೊಫೆಷನಲ್ ಬಾಕ್ಸಿಂಗಿಗೆ ಹೋಗಿದ್ದು ಸರಿ ಅಂತ ನನ್ನ ಅಭಿಪ್ರಾಯ. ಇಲ್ಲಿ ಪುಣೆಯ ಕನ್ನಡ ಗೆಳೆಯರ ನಡುವೆ ಇದನ್ನು ಹೇಳಿದಾಗಲೆಲ್ಲ ಒಂದಿಷ್ಟು ಗಲಾಟೆ ಆಗುತ್ತೆ. "ದೇಶಕ್ಕೆ ಪದಕ ತರೋದು ಬಿಟ್ಟು ದುಡ್ಡಿನ ಹಿಂದೆ ಹೋದ" ಅನ್ನೋರು ಕೆಲವರು. "ಅವನು ಹರಿಯಾಣದವನು, ನಮಗ್ಯಾಕೆ ಬಿಡ್ರಿ" ಅನ್ನೋರು ಇನ್ನು ಕೆಲವರು. ಇಬ್ಬರಿಗೂ ಸೇರಿಸಿ ಇಲ್ಲೇ ಬರೆದುಬಿಡ್ತೀನಿ.

ಮೊದಲು ಎರಡನೆಯವರಿಗೆ. ನಿಶಾಂತ್ ಹುಟ್ಟಿದ್ದು ಕರ್ನಾಲ್ ಕಡೆ, ನಿಜ. ಆದರೆ ಪಳಗಿದ್ದು ಬಳ್ಳಾರಿ ಹತ್ತಿರದ ವಿಜಯನಗರದಲ್ಲಿ, 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ. 2021ರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ಕರ್ನಾಟಕದ ಪರವಾಗಿ ಆಡಿ 71 ಕೆಜಿಯಲ್ಲಿ ಚಿನ್ನ ಗೆದ್ದ. ಇನ್ನೇನು ಬೇಕು ಸ್ವಾಮಿ? ನಾವೆಲ್ಲ ಪುಣೆಗೆ ಬಂದು ದಶಕಗಳಾದವು. ನಮ್ಮ ಮಕ್ಕಳು ಮಹಾರಾಷ್ಟ್ರದ ಜೆರ್ಸಿ ಹಾಕಿಕೊಂಡು ಆಡ್ತಾರೆ. "ಇವರು ಹೊರಗಿನವರು" ಅಂತ ಯಾರಾದರೂ ಅಂದರೆ ನಮಗೆ ಉರಿಯುತ್ತೆ. ಹಾಗಿರುವಾಗ ನಮ್ಮ ನೆಲದಲ್ಲಿ ಬೆವರು ಸುರಿಸಿದವನನ್ನು ಹೊರಗಿನವನು ಅನ್ನೋದಕ್ಕೆ ನಮಗಂತೂ ಬಾಯಿ ಬರಬಾರದು.

ಈಗ ದೇಶಭಕ್ತರಿಗೆ. ಇವರ ಕೈಯಲ್ಲಿ ಯಾವಾಗಲೂ ಒಂದು ಉಕ್ರೇನಿನ ಅಸ್ತ್ರ ಇರುತ್ತೆ. "ಲೊಮಚೆಂಕೋನ ನೋಡಿ, 2008ರ ಬೀಜಿಂಗ್, 2012ರ ಲಂಡನ್, ಎರಡು ಒಲಿಂಪಿಕ್ ಚಿನ್ನ ದೇಶಕ್ಕೆ ಕೊಟ್ಟು ಆಮೇಲೆ ಹೋದ. ಉಸಿಕ್ ಕೂಡ ಲಂಡನ್ನಿನಲ್ಲಿ ಚಿನ್ನ ಗೆದ್ದೇ ಹೋದ. ನಿಶಾಂತ್ ಏನು ಕೊಟ್ಟ?" ಕೊಟ್ಟಿದ್ದಾನೆ. 2023ರ ತಾಷ್ಕೆಂಟ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಕಂಚು ತಂದ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಕ್ವಾರ್ಟರ್ ಫೈನಲಿನಲ್ಲಿ ಮೆಕ್ಸಿಕೋದ ಮಾರ್ಕೊ ವೆರ್ಡೆ ವಿರುದ್ಧ 1-4ರಲ್ಲಿ ಸೋತ. ಆ ತೀರ್ಪಿನ ಬಗ್ಗೆ ಎಷ್ಟು ಜಗಳ ಆಯಿತು ಅಂತ ನಿಮಗೂ ನೆನಪಿರಬಹುದು.

ಉಕ್ರೇನಿನ ಉದಾಹರಣೆ ಕೊಡೋರು ವಯಸ್ಸಿನ ಲೆಕ್ಕ ಮಾತ್ರ ಹೇಳೋದಿಲ್ಲ. 2013ರಲ್ಲಿ ಪ್ರೊಫೆಷನಲ್ ಆದಾಗ ಲೊಮಚೆಂಕೋಗೆ 25, ಉಸಿಕ್‌ಗೆ 26. ನಮ್ಮ ವಿಜೇಂದರ್ ಸಿಂಗ್ ಬೀಜಿಂಗಿನಲ್ಲಿ ಕಂಚು ಗೆದ್ದವನು, 2009ರ ಮಿಲಾನ್ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲೂ ಕಂಚು ಗೆದ್ದವನು. ಅದೇ ಎರಡು ಕೂಟಗಳಲ್ಲಿ ಲೊಮಚೆಂಕೋ ಚಿನ್ನ ಗೆದ್ದಿದ್ದ. ಆದರೆ ವಿಜೇಂದರ್ ಪ್ರೊಫೆಷನಲ್ ಆಗಿದ್ದು 2015ರಲ್ಲಿ, ಮೂವತ್ತರ ಹೊಸ್ತಿಲಲ್ಲಿ. ಅವನಿಗಿದ್ದ ಹರಿಯಾಣ ಪೊಲೀಸಿನ ಡಿಎಸ್‌ಪಿ ಹುದ್ದೆಯ ವಿಚಾರ ಹೈಕೋರ್ಟಿನವರೆಗೂ ಹೋಯಿತು. ಆದರೂ ಮೊದಲ ಹನ್ನೆರಡು ಕಾಳಗ ಸತತವಾಗಿ ಗೆದ್ದ. 2016ರಲ್ಲಿ ದೆಹಲಿಯ ತ್ಯಾಗರಾಜ್ ಸ್ಟೇಡಿಯಮ್ಮಿನಲ್ಲಿ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಪಟ್ಟ ಗೆದ್ದ. ವಿಶ್ವ ಪಟ್ಟದ ಹೊತ್ತಿಗೆ ಮಾತ್ರ ಕಾಲ ಮೀರಿತ್ತು ಅಂತ ನನಗನ್ನಿಸುತ್ತೆ. ನಿಶಾಂತ್ ರಿಂಗಿಗಿಳಿದಿದ್ದು 24ಕ್ಕೆ.

"ಇನ್ನೊಂದು ಒಲಿಂಪಿಕ್ಸ್ ಕಾಯಬಹುದಿತ್ತಲ್ಲ?" ಯಾವ ಒಲಿಂಪಿಕ್ಸ್? 2025ರ ಜನವರಿಯಲ್ಲಿ ಅವನು ಲಾಸ್ ವೇಗಸ್ಸಿನಲ್ಲಿ ಮೊದಲ ಪ್ರೊಫೆಷನಲ್ ಕಾಳಗ ಆಡಿದಾಗ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಬಾಕ್ಸಿಂಗ್ ಇರುತ್ತೋ ಇಲ್ಲವೋ ಅಂತಲೇ ತೀರ್ಮಾನವಾಗಿರಲಿಲ್ಲ. ಒಪ್ಪಿಗೆ ಸಿಕ್ಕಿದ್ದು ಮಾರ್ಚಿನಲ್ಲಿ. ಇಲ್ಲದೇ ಹೋಗಬಹುದಾದ ಪರೀಕ್ಷೆಗೆ ಮೂರೂವರೆ ವರ್ಷ ಓದು ಅಂತ ನಮ್ಮ ಮಕ್ಕಳಿಗೆ ನಾವು ಹೇಳ್ತೀವಾ?

ಹಾಗಂತ ಅದು ಸುಲಭದ ದಾರಿಯೂ ಅಲ್ಲ. ಅಮೆಚೂರ್ ಅಂದರೆ ಮೂರು ನಿಮಿಷದ ಮೂರು ಸುತ್ತು, ಒಟ್ಟು ಒಂಬತ್ತು ನಿಮಿಷ. ವೇಗ ಇದ್ದವನು, ಚೊಕ್ಕವಾಗಿ ಹೊಡೆಯುವವನು ಗೆಲ್ತಾನೆ. ಪ್ರೊಫೆಷನಲ್ಲಿನಲ್ಲಿ ನಾಲ್ಕೋ ಆರೋ ಸುತ್ತಿನಿಂದ ಶುರು, ಪಟ್ಟದ ಕಾಳಗಕ್ಕೆ ಹನ್ನೆರಡು, ಅಂದರೆ 36 ನಿಮಿಷ. ಅಲ್ಲಿ ಹೊಟ್ಟೆಗೆ, ಪಕ್ಕೆಗೆ ಗುದ್ದಿ ಗುದ್ದಿ ಎದುರಾಳಿಯನ್ನು ಸವೆಸುತ್ತಾರೆ. ಅಮೆಚೂರಿನಲ್ಲಿ 396 ಗೆದ್ದು ಒಂದೇ ಒಂದು ಸೋತಿದ್ದ ಲೊಮಚೆಂಕೋ, ಪ್ರೊಫೆಷನಲ್ ಆಗಿ ಎರಡನೇ ಕಾಳಗದಲ್ಲೇ ಸೋತ! 2014ರ ಮಾರ್ಚಿನಲ್ಲಿ ಅವನನ್ನು ಸೋಲಿಸಿದ ಮೆಕ್ಸಿಕೋದ ಒರ್ಲಾಂಡೊ ಸಾಲಿಡೊ ಅದಾಗಲೇ ಹನ್ನೆರಡು ಸಲ ಸೋತವನು, ಅವತ್ತು ತೂಕವೂ ಮಿತಿ ಮೀರಿತ್ತು. ಆದರೆ ಹಳೇ ಹುಲಿ. ಜೂನಿನಲ್ಲಿ ಗ್ಯಾರಿ ರಸೆಲ್‌ನನ್ನು ಸೋಲಿಸಿ ಲೊಮಚೆಂಕೋ ವಿಶ್ವ ಪಟ್ಟ ಗೆದ್ದ ಅನ್ನೋದು ಬೇರೆ ಮಾತು.

ಉಕ್ರೇನಿನಿಂದ ನಾವು ಕಲೀಬೇಕಾದ ಪಾಠ "ಚಿನ್ನ ಕೊಟ್ಟು ಹೋಗು" ಅನ್ನೋದಲ್ಲ. ವ್ಲಾಡಿಮಿರ್ ಕ್ಲಿಚ್ಕೊ 1996ರ ಅಟ್ಲಾಂಟಾದಲ್ಲಿ ಚಿನ್ನ ಗೆದ್ದು ಪ್ರೊಫೆಷನಲ್ ಆದ. ಆಮೇಲೆ ಅಣ್ಣ ವಿಟಾಲಿ ಜೊತೆ ಸೇರಿ ಕೆ2 ಅಂತ ಕಾಳಗ ಏರ್ಪಡಿಸುವ ಕಂಪನಿಯನ್ನೇ ಕಟ್ಟಿದ. ಉಸಿಕ್ ಬೆಳೆದಿದ್ದು ಆ ಕಂಪನಿಯ ಆಸರೆಯಲ್ಲಿ. ಅವನ ಮೊದಲ ಕಾಳಗ ನಡೆದಿದ್ದು ಕೀವ್‌ನಲ್ಲೇ, ತನ್ನ ಜನರ ಮುಂದೆ. ಹತ್ತನೇ ಕಾಳಗಕ್ಕೆ ವಿಶ್ವ ಪಟ್ಟ. ಅಂದರೆ ಅಲ್ಲಿ ಊರಲ್ಲೇ ಮೆಟ್ಟಿಲು ಇತ್ತು.

ನಮ್ಮಲ್ಲಿ ಏನಿದೆ? ಇಲ್ಲೇ ಪುಣೆಯ ಕಂಟೋನ್ಮೆಂಟಿನಲ್ಲಿ 2001ರಿಂದ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್ ಇದೆ. ಸೈನ್ಯ ಚಿಕ್ಕ ಹುಡುಗರನ್ನೇ ಆರಿಸಿ ಊಟ, ಓದು, ತರಬೇತಿ ಕೊಟ್ಟು ಬೆಳೆಸುತ್ತೆ, ಮುಂದೆ ನೌಕರಿ ಕೊಡುತ್ತೆ. ತಾಷ್ಕೆಂಟಿನಲ್ಲಿ ನಿಶಾಂತ್ ಜೊತೆ ಕಂಚು ಗೆದ್ದ ದೀಪಕ್ ಭೋರಿಯಾ, ಮೊಹಮ್ಮದ್ ಹುಸಾಮುದ್ದೀನ್ ಇಬ್ಬರೂ ಸೈನ್ಯದವರು. 2019ರಲ್ಲಿ ವಿಶ್ವ ಬೆಳ್ಳಿ ಗೆದ್ದ ಅಮಿತ್ ಪಂಘಾಲ್ ಕೂಡ. ಸಂಬಳ, ಪೆನ್ಷನ್ ಇರೋದರಿಂದಲೇ ಬಡ ರೈತನ ಮಗ ಮೂಗು ಒಡೆಸಿಕೊಳ್ಳುವ ಈ ಆಟಕ್ಕೆ ಬರ್ತಾನೆ. ಇದು ಸಣ್ಣ ಕೆಲಸ ಅಲ್ಲ. ಆದರೆ ಈ ನೌಕರಿಗೂ ಲಾಸ್ ವೇಗಸ್ಸಿಗೂ ಮಧ್ಯೆ ನಮ್ಮಲ್ಲಿ ಗಟ್ಟಿಯಾದ ಮೆಟ್ಟಿಲೇ ಇಲ್ಲ. ವಿಜೇಂದರ್ ಹೆಸರಿದ್ದಾಗ ದೆಹಲಿ, ಮುಂಬಯಿ, ಜೈಪುರದಲ್ಲಿ ದೊಡ್ಡ ಕಾಳಗಗಳಾದವು. ಅವನ ನಂತರ ಆ ಜೋರು ಉಳಿಯಲಿಲ್ಲ.

ಜನ ನೋಡಲ್ಲ ಅನ್ನಬೇಡಿ. ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ ಕಡೆಯವರಿಗೆ ನಾನು ಕುಸ್ತಿ ಬಗ್ಗೆ ಹೇಳಬೇಕಿಲ್ಲ. ಜಾತ್ರೆಯ ಕಣದಲ್ಲಿ ಇನಾಮು ಎಷ್ಟು ಅಂತ ಮೈಕಿನಲ್ಲಿ ಕೂಗಿ ಹೇಳ್ತಾರೆ. ಗೆದ್ದ ಪೈಲ್ವಾನ ನೋಟು ಎಣಿಸ್ಕೊಂಡು ಹೋಗ್ತಾನೆ. "ದುಡ್ಡಿಗಾಗಿ ಆಡಿದ" ಅಂತ ಯಾರಾದರೂ ಬಯ್ತಾರಾ? ಹೆಗಲ ಮೇಲೆ ಕೂರಿಸಿಕೊಂಡು ಮೆರವಣಿಗೆ ಮಾಡ್ತಾರೆ. ಅದೇ ಮರ್ಯಾದೆ ಬಾಕ್ಸರನಿಗೂ ಸಿಗಲಿ. 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್ ನಡೆದ ನಮ್ಮ ಬಾಲೇವಾಡಿ ಇದೆ, ಬಳ್ಳಾರಿ ಇದೆ, ಬೆಳಗಾವಿ ಇದೆ. ತಿಂಗಳಿಗೊಂದು ಆರು ಸುತ್ತಿನ ಕಾಳಗ ಇಲ್ಲೆಲ್ಲ ನಡೆದರೆ ನಿಶಾಂತನ ನಂತರದ ಹುಡುಗ ಮೊದಲ ದಿನವೇ ಸಮುದ್ರ ದಾಟಬೇಕಾಗಲ್ಲ.

ನಾಲ್ಕು ದೊಡ್ಡ ಸಂಸ್ಥೆಗಳ ವಿಶ್ವ ಪಟ್ಟ ಗೆದ್ದ ಭಾರತೀಯ ಇದುವರೆಗೆ ಒಬ್ಬನೂ ಇಲ್ಲ. ನಿಶಾಂತ್ ಗೆಲ್ತಾನೋ ಇಲ್ಲವೋ, ನನಗಂತೂ ಭವಿಷ್ಯ ಹೇಳೋಕೆ ಬರಲ್ಲ. ಆದರೆ ಹೆಚ್ಚಿನ ದುಡಿಮೆಗೆ, ದೊಡ್ಡ ಕಣಕ್ಕೆ ಊರು ಬಿಟ್ಟು ಹೋದವನನ್ನು ಬಯ್ಯೋ ಹಕ್ಕು ಧಾರವಾಡ, ಬಿಜಾಪುರ, ಗುಲ್ಬರ್ಗಾ ಬಿಟ್ಟು ಪುಣೆಯಲ್ಲಿ ಫ್ಲಾಟು ಕೊಂಡು ಕೂತಿರೋ ನಮಗೆ ಯಾರು ಕೊಟ್ಟರು? ನೀವೇ ಹೇಳಿ.